ಭಾನುವಾರ ಸಂಜೆಗೆ ಅರವತ್ತು

ಹಸಿರು ಚುಕ್ಕೆ ಇನ್ನೂ ಉರಿಯುತ್ತಲೇ ಇತ್ತು. ಬಸ್ಸು ಶಿಕಾರಿಪುರ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಚನ್ನೇಶ ನಾಲ್ಕನೆಯ ಸಲ ಫೋನು ತೆಗೆದು ನೋಡಿದ. ಆಟದೊಳಗಿನ ಗೆಳೆಯರ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಸುರೇಂದ್ರ ಗುಡವಿ. ಆ ಹೆಸರಿನ ಕೆಳಗೆ ಬೂದು ಅಕ್ಷರದಲ್ಲಿ, ಕೊನೆಯ ಸಲ ಬಂದು ಇಷ್ಟು ದಿನವಾಯಿತು ಎಂಬ ಸಾಲು; ಸಾಲಿನ ಅಂಕಿ ದಿನಕ್ಕೊಂದು ಏರುತ್ತ ನಿನ್ನೆಗೆ ಮುನ್ನೂರ ನಲವತ್ತೆರಡಕ್ಕೆ ಬಂದಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೆರಳಿನ ವಿಭೂತಿ ಒರೆಸಿಕೊಳ್ಳುವ ಮೊದಲೇ ಅದನ್ನು ನೋಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು, ಪೂಜೆಯ ಕೊನೆಯ ಅಂಗವೇ ಅದು ಎನ್ನುವ ಹಾಗೆ. ಇವತ್ತು ಬೂದು ಸಾಲು ಇರಲಿಲ್ಲ. ಅದರ ಜಾಗದಲ್ಲಿ ಹಸಿರು ಚುಕ್ಕೆ, ಚುಕ್ಕೆಯ ಪಕ್ಕ ‘ಈಗ ಇದ್ದಾರೆ’ ಎಂಬ ಎರಡು ಪದ. ಪಡಸಾಲೆಯಲ್ಲಿ ಎಷ್ಟು ಹೊತ್ತು ಹಾಗೇ ನಿಂತಿದ್ದನೋ. ಅಷ್ಟರಲ್ಲಿ ಫೋನು ಕೈಯಲ್ಲೇ ಹೊಡೆದುಕೊಂಡಿತ್ತು. ಸುರೇಂದ್ರನ ಹೆಂಡತಿ. “ಚನ್ನೇಶಣ್ಣ, ನಾನು ರಮ್ಯ. ಅವ್ರ ಫೋನ್ ಚಾರ್ಜಿಗೆ ಹಾಕಿದ್ದೆ, ಆ ಆಟ ತನ್ನಷ್ಟಕ್ಕೆ ತೆರ್ಕಂಡು ಕೂತಿದೆ. ಅತ್ತೆದು ಒಂದೇ ಹಠ, ನಿಮ್ಮನ್ನ ಕರ್ಸು ಅಂತ. ಇವತ್ತು ಬರಕ್ಕಾಗ್ತದಾ?” ಬರ್ತೀನಿ ಕಣಮ್ಮ, ಈಗ್ಲೇ ಹೊರಟೆ ಅಂದ. ಅಂದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಸುರೇಂದ್ರನಲ್ಲ, ಅವನ ತಾಯಿ ತಿಮ್ಮಮ್ಮನಲ್ಲ, ರಮ್ಯಳೂ ಅಲ್ಲ. ಆ ಫೋನು ತೆರೆದಿದೆ, ಅದರೊಳಗೆ ತಾನು ಬರೆದ ನಾಲ್ಕು ಸಾಲು ಇದೆ, ಅವಳಿಗೆ ಅದು ಸಿಗುವ ಮೊದಲು ತಾನು ಅವರೂರು ಗುಡವಿ ಮುಟ್ಟಬೇಕು. ಇಷ್ಟೇ.

ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ನೋಡಬಾರದು ಅಂದುಕೊಂಡರೂ ಕಣ್ಣು ಅಳೆಯಿತು: ಇದು ನಲವತ್ತು ಚೀಲ, ಅದು ಮೂವತ್ತೈದು, ಇನ್ನೊಂದು ಬಿಸಿಲು ಬೇಕು. ಕಾಳಿನ ಮಂಡಿಯಲ್ಲಿ ಅವನ ಅಂದಾಜಿಗೆ ಹೆಸರಿತ್ತು. ರಾಶಿಯ ಸುತ್ತ ಒಂದು ಸುತ್ತು ಬಂದು, ಒಂದು ಹಿಡಿ ಎತ್ತಿ, ಒಂದು ಕಾಳು ಕಚ್ಚಿ ಅವನು ಹೇಳಿದ್ದು ತಕ್ಕಡಿಗೆ ಏರಿದಾಗ ಅರ್ಧ ಚೀಲ ಕೂಡ ಆಚೀಚೆ ಆಗುತ್ತಿರಲಿಲ್ಲ. ಅಪ್ಪ ಬೆನಕಪ್ಪ ಮಾತ್ರ ಒಪ್ಪುತ್ತಿರಲಿಲ್ಲ. “ಮೇಲಿನ ಹಿಡಿ ನೋಡಿ ಹೇಳ್ಬ್ಯಾಡಲೇ. ಚೀಲದ ಹೊಟ್ಟಿಯಾಗಿಂದು ಒಂದು, ತಳದಾಗಿಂದು ಒಂದು ತಗದು ನೋಡಿ ಆಮೇಲೆ ಬಾಯಿ ಬಿಡು” ಎನ್ನುತ್ತಿದ್ದ. ಹಾಗೆ ಮೂರು ಕಡೆ ಕೊಳವೆ ಚುಚ್ಚಿ ಕಾಳು ತೆಗೆಯುವ ತಾಳ್ಮೆ ಚನ್ನೇಶನಿಗೆ ಎಂದೂ ಇರಲಿಲ್ಲ, ಇಲ್ಲದಿದ್ದರೂ ನಡೆದಿತ್ತು. ಈಗೀಗ ಅಂದಾಜು ಅವನನ್ನು ಬಿಡುವುದೇ ಇಲ್ಲ. ಜಪಕ್ಕೆ ಕೂತರೆ ಐದನೆಯ ಮಣಿಗೆಲ್ಲ ಮನಸ್ಸು ಲೆಕ್ಕ ಹಿಡಿಯುತ್ತದೆ, ನಿಮಿಷಕ್ಕೆ ಇಪ್ಪತ್ತೇಳು, ನೂರಾ ಎಂಟಕ್ಕೆ ನಾಲ್ಕು ನಿಮಿಷ. ಶಿವನ ಹೆಸರು ಹಿಂದೆ ಉಳಿದು ಬರೀ ನಿಮಿಷ ಮುಂದೆ ಹೋಗುತ್ತದೆ. ಉಡುತಡಿಯ ಕಡೆಗೆ ತಿರುಗುವ ಜಾಗದಲ್ಲಿ ಎಂದಿನಂತೆ ಕೈ ಮುಗಿಯಲು ಹೋದ, ಮುಗಿಯಲಾಗಲಿಲ್ಲ, ಎತ್ತಿದ ಕೈಯಿಂದ ಕಿಟಕಿಯ ಗಾಜು ಸರಿಸಿದ. ಪಕ್ಕದಲ್ಲಿದ್ದ ಹೆಂಗಸು “ಧೂಳು ಬರ್ತೈತ್ರಿ, ಹಾಕ್ರಿ ಅದನ್ನ” ಅಂದಳು. ಹಾಕಿದ.

ಸುರೇಂದ್ರ ಸಿಕ್ಕಿದ್ದೂ ಇದೇ ಬಸ್ಸಿನಲ್ಲೇ. ಶಿರಾಳಕೊಪ್ಪದಲ್ಲಿ ಹತ್ತಿದವನು ಪಕ್ಕದಲ್ಲಿ ಕೂತು, ಚನ್ನೇಶನ ಫೋನಿಗೆ ಕತ್ತು ಚಾಚಿ, “ಆ ಕಾಡುಹಂದೀನ ಎದುರಿಂದ ಹೊಡೀಬೇಡಿ ಮಾರಾಯ್ರೆ, ಹಿಂದಿಂದ ಹೊಡೀರಿ, ಪಾಯಿಂಟ್ ಅಷ್ಟೇ ಬರ್ತದೆ, ನೋವು ಕಮ್ಮಿ” ಅಂದಿದ್ದ. ಮೂವತ್ತಾರರ ಚನ್ನೇಶ, ಮದುವೆಯಾಗಿ ಮಂಡಿ ನಡೆಸುವವನು, ಆಟ ಆಡುತ್ತ ಸಿಕ್ಕಿಬಿದ್ದ ನಾಚಿಕೆಯಲ್ಲಿ ತಿರುಗಿ ನೋಡಿದರೆ ಅವನ ಕೈಯಲ್ಲೂ ಅದೇ ಆಟ. ಮೃಗಗಳ ಜೊತೆ ಕಾದಾಡುವುದು, ಗೆದ್ದ ಒಂದೊಂದು ಕಾಳಗಕ್ಕೂ ಇಷ್ಟು ಅನುಭವದ ಅಂಕ, ಅಂಕ ತುಂಬಿದಾಗ ಒಂದು ಲೆವೆಲ್ ಮೇಲೆ. ಅರವತ್ತನೆಯ ಲೆವೆಲ್ಲಿಗೆ ಹೊಳೆ. ಅರವತ್ತಾದವನು ಹೊಳೆ ದಾಟಿ ಆಚೆಯ ದೇಶಕ್ಕೆ ಹೋಗಬಹುದು. ಸುರೇಂದ್ರ ಗುಡವಿ ಕೆರೆಯ ಪಕ್ಷಿಧಾಮದಲ್ಲಿ ದಿನಗೂಲಿ ಕಾವಲುಗಾರ. ಮಳೆಗಾಲದಲ್ಲಿ ಬಂದು ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳನ್ನು ಮರಮರಕ್ಕೂ ಎಣಿಸಿ ಬರೆದಿಡುವುದು ಅವನ ಕೆಲಸ. “ಅಂದಾಜು ಅಂದ್ರೆ ಎಣಿಸಕ್ಕೆ ಸೋಮಾರಿ ಆದೋನ ಮಾತು” ಎಂದು ಅವನು ಕೆಣಕುವುದು, “ನೀ ಎಣಿಸೋದ್ರಾಗೆ ಹಕ್ಕಿ ಮರಿ ಮಾಡಿ ಹಾರಿ ಹೋಗಿರ್ತಾವೆ ತಗಾ” ಎಂದು ಇವನು ತಿರುಗಿ ಕೊಡುವುದು. ಎರಡು ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ಇವನು ಮಂಡಿಯ ಚೀಲದ ಮೇಲೆ ಕೂತು, ಅವನು ಕೆರೆ ಏರಿಯ ಮೇಲೆ ಕೂತು, ಒಂದೇ ಕಾಡಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ಅಲೆದರು. ಮೊದಲು ಅರವತ್ತಾದದ್ದು ಚನ್ನೇಶನಿಗೆ. ಹೊಳೆ ದಾಟಿ ಆಚೆ ದಡದಲ್ಲಿ ಅವನ ಯೋಧ ಒಬ್ಬನೇ ನಿಂತ. ಈಚೆ ದಡದಲ್ಲಿ ಐವತ್ತೊಂಬತ್ತರ ಸುರೇಂದ್ರ ಕೈ ಬೀಸುತ್ತಿದ್ದ.

ಆ ಗುರುವಾರ ಸುರೇಂದ್ರ ಆಟದೊಳಗೇ ಬರೆದ: “ಎರಡು ದಿನದಿಂದ ಎದೆ ಹಿಂಡಿದಂಗಾಗ್ತದೆ ಮಾರಾಯ, ಎಡಗೈ ಜೋಮು. ಯಾರಿಗೂ ಹೇಳಿಲ್ಲ. ನಾಳೆ ಸೊರಬಕ್ಕೆ ಹೋಗಿ ತೋರಿಸ್ಕಂಡು ಬರ್ತೀನಿ.” ಚನ್ನೇಶ ಆಗ ಯಾವುದೋ ರಾಶಿಯ ಪಕ್ಕ ನಿಂತಿದ್ದ. ಓದಿದ, ಒಂದು ಕ್ಷಣವೂ ಯೋಚಿಸಲಿಲ್ಲ. ಅವನ ಬೆರಳು ಬರೆದದ್ದು: “ಅದು ಗ್ಯಾಸು. ನಾಳೆಯಿಂದ ಭಾನುವಾರದ ತನಕ ಡಬಲ್ ಪಾಯಿಂಟ್ ಐತಿ. ಲೆಕ್ಕ ಹಾಕೀನಿ, ದಿನಾ ಐದೂವರೆ ತಾಸು ಕೂತ್ರೆ ಭಾನುವಾರ ಸಂಜೆಗೆ ಅರವತ್ತು. ಬಿಟ್ರೆ ಮತ್ತೆ ಹದಿನಾರು ದಿನ. ಸೋಮವಾರ ಇಬ್ರೂ ಕೂಡಿ ಶಿವಮೊಗ್ಗಕ್ಕೇ ಹೋಗಿ ತೋರ್ಸಾಣ.” ಲೆಕ್ಕ ನಿಜಕ್ಕೂ ಹಾಕಿದ್ದ. ಬೇಕಾದದ್ದು ನಾಲ್ಕು ಲಕ್ಷದ ಎಂಬತ್ತು ಸಾವಿರ. ಕಾಳಗಕ್ಕೆ ಒಂದು ಸಾವಿರ, ತಾಸಿಗೆ ಹದಿನೈದು ಕಾಳಗ, ಡಬಲ್ ಆದರೆ ತಾಸಿಗೆ ಮೂವತ್ತು ಸಾವಿರ, ಹದಿನಾರು ತಾಸು, ಮೂರು ದಿನ. ಹಿಂದಿನ ತಿಂಗಳು ಅಂಥದ್ದೇ ಡಬಲ್ ದಿನ ಬಂದಾಗ ತಾನೇ ಅರ್ಧ ತಾಸು ಆಡಿ ನೋಡಿದ್ದ. ಸುರೇಂದ್ರನ ಉತ್ತರ ಬಂತು: “ಆಯ್ತು ಮಾರಾಯ.” ಭಾನುವಾರ ಮಧ್ಯಾಹ್ನ ಅವನು ಕೆರೆ ಏರಿಯ ಮೇಲೆ ಮಗುಚಿ ಬಿದ್ದ. ಎತ್ತಿದವರು ಮೊದಲು ಬಿಡಿಸಿದ್ದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಫೋನನ್ನಂತೆ.

ಮಣ್ಣಿನ ದಿನ ಚನ್ನೇಶ ಹೋಗಿದ್ದ. ರಮ್ಯ ಗೋಡೆಗೆ ಒರಗಿ ಒಂದೇ ಮಾತು ಹೇಳುತ್ತಿದ್ದಳು, ಯಾರಿಗಾದ್ರೂ ಒಬ್ರಿಗೆ ಹೇಳಿದ್ರೆ ಸಾಕಿತ್ತು, ಒಬ್ರಿಗೂ ಹೇಳ್ದೆ ಹೋದ್ರಲ್ಲ, ನಾನೇನು ಕೇಳ್ತಿರ್ಲಿಲ್ವಾ. ಸುತ್ತ ಕೂತ ಹೆಂಗಸರು ಅವಳ ಬೆನ್ನು ಸವರುತ್ತಿದ್ದರು. ಚನ್ನೇಶ ಬಾಗಿಲಲ್ಲಿ ನಿಂತಿದ್ದ. ಒಬ್ಬರಿಗೆ ಹೇಳಿದ್ದ, ಆ ಒಬ್ಬರು ಇಲ್ಲಿ, ಬಾಗಿಲ ತೋಳು ಹಿಡಿದು ನಿಂತಿದ್ದಾರೆ. ಯಾರೋ ಬಂದು “ಇವ್ರು ಸುರೇಂದ್ರನ ಖಾಸಾ ದೋಸ್ತು, ಶಿಕಾರಿಪುರದಿಂದ ಬಂದಿದಾರೆ” ಎಂದು ಕುರ್ಚಿ ತಂದು ಹಾಕಿದರು. ಕೂತ. ಆ ಕುರ್ಚಿಯ ಒಂದು ಕಾಲು ಗಿಡ್ಡ, ಉಸಿರಾಡಿದರೂ ಟಕ್ ಎನ್ನುತ್ತಿತ್ತು. ಉಸಿರು ಹಿಡಿದು ಕೂತದ್ದು ಈಗಲೂ ಎದೆಯಲ್ಲಿ ಹಾಗೇ ಇದೆ. ಮನೆಗೆ ಬಂದು ಆ ಸಾಲುಗಳನ್ನು ಅಳಿಸಲು ನೋಡಿದ್ದ, ಆಗಲಿಲ್ಲ. ಆ ಆಟದಲ್ಲಿ ಕಳಿಸಿದ ಮಾತನ್ನು ಕಳಿಸಿದವನು ಅಳಿಸುವ ಹಾಗಿಲ್ಲ, ತಲುಪಿದವನ ಫೋನಿನಿಂದಲೇ ಅಳಿಸಬೇಕು. ಫೋನು ಸತ್ತು ಪೆಟ್ಟಿಗೆ ಸೇರಿತ್ತು. ಅಲ್ಲೇ ಇರಲಿ ಶಿವನೇ ಎಂದು ಅವನು ಬೇಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅಥವಾ ಇತ್ತು, ದಿನಕ್ಕೊಂದು, ಮುನ್ನೂರ ನಲವತ್ತೆರಡು.

ಸೊರಬದಲ್ಲಿ ಬಸ್ಸು ಬದಲಿಸಿ ಗುಡವಿಗೆ ಇಳಿದಾಗ ಹನ್ನೆರಡಾಗಿತ್ತು. ಕೆರೆಯ ಕಡೆಯಿಂದ ಹಕ್ಕಿಗಳ ಗದ್ದಲ ಒಂದೇ ಸಮನೆ ಬರುತ್ತಿತ್ತು, ದೊಡ್ಡ ಬಾಣಲೆಯಲ್ಲಿ ಏನೋ ಹುರಿಯುತ್ತಿರುವ ಹಾಗೆ. ತಿಮ್ಮಮ್ಮ ಜಗಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮಡಿಸಿದ ಟವೆಲ್ಲಿನ ಮೇಲೆ ಫೋನು, ದೇವರ ಪಟವನ್ನು ಇಡುವಂತೆ ಇಟ್ಟಿತ್ತು. “ಬಂದ್ಯಾ ಮಗಾ. ಕೂತ್ಕ. ಬಿಸ್ಲಲ್ಲಿ ಮುಖ ಎಷ್ಟು ಕಪ್ಪಾಗಿದೆ ನೋಡು, ನಿಮ್ಮೂರಲ್ಲಿ ಕೊಡೆ ಸಿಗಲ್ವೇನ?” ಎಂದು ಅವಳು ಗಿಂಡಿಯ ನೀರು ಮುಂದೆ ದೂಡಿದಳು. ಆಮೇಲೆ ಮೊದಲೇ ಕತೆಯೊಂದನ್ನು ಹೇಳುತ್ತ ಕೂತಿದ್ದವಳು ಮುಂದುವರಿಸಿದ ಹಾಗೆ ಹೇಳತೊಡಗಿದಳು: “ನಮ್ಮ ಮನೇಲಿ ಹಿಂದಿಂದ ಬಂದದ್ದು ಒಂದದೆ. ಸತ್ತೋರ ಕೈಯಲ್ಲಿ ಅರ್ಧಕ್ಕೆ ನಿಂತದ್ದನ್ನ ವರ್ಷದ ಎಡೆಗೆ ಮುಂಚೆ ಮುಗಿಸ್ಬೇಕು. ಸುರೇಂದ್ರನಪ್ಪ ಹುಚ್ಚರಾಯಪ್ಪ ಹೋದಾಗ ಚಾಪೆ ಅರ್ಧ ಇತ್ತು. ಜೊತೆಗೆ ಕೂತು ಹೆಣೀತಿದ್ದ ಯಲ್ಲಪ್ಪನ್ನೇ ಕರ್ಸಿ ಮುಗಿಸಿದ್ವಿ. ಮಕ್ಳ ಕೈ ಆಗಲ್ಲ, ಹೆಂಡ್ತಿ ಕೈ ಆಗಲ್ಲ. ಜೊತೆಗೆ ದುಡಿದ ಕೈಯೇ ಆಗ್ಬೇಕು. ಇಲ್ದಿದ್ರೆ ಅಲ್ಲೇ ನಿಂತಿರ್ತಾರೆ, ಎಡೆ ಮುಟ್ಟಲ್ಲ. ಇವನು ಕನಸಲ್ಲಿ ಬಂದು ನಿಲ್ತಾನೆ ಕಣ. ಊಟ ಮಾಡ ಅಂದ್ರೆ ಮಾತಿಲ್ಲ. ಕಾಲು ನೋಡಿದ್ರೆ ಮೊಣಕಾಲ ತನಕ ಒದ್ದೆ.”

ರಮ್ಯ ಬಾಗಿಲಿಗೆ ಬಂದಳು. ಹೋದ ವರ್ಷಕ್ಕಿಂತ ತೆಳ್ಳಗಾಗಿದ್ದಳು. “ಅಂಗಳದ ಬೇಲಿ, ದನದ ಕೊಟ್ಟಿಗೆ ಸೂರು, ಎಲ್ಲ ಅತ್ತೆ ಹುಡುಕಿದ್ರು. ಅವ್ರು ಅರ್ಧ ಬಿಟ್ಟಿದ್ದು ಒಂದೂ ಸಿಗ್ಲಿಲ್ಲ. ಕೊನೆಗೆ ಇದೊಂದೇ ಅಂತ ನಾನೇ ಹೇಳ್ದೆ,” ಎಂದು ಫೋನು ಎತ್ತಿ ಅವನ ಕೈಗೆ ಕೊಟ್ಟಳು. “ಅದ್ರಲ್ಲಿ ಎಂತ ಎಂತದೋ ಇದೆ, ನಂಗೆ ತಿಳೀಲಿಲ್ಲ. ಹಂಗೇ ಮುಚ್ಚಿಟ್ಟೆ.” ಮುಚ್ಚಿಟ್ಟೆ. ಅವನ ಹೆಗಲು ತಾನಾಗಿ ಇಳಿಯಿತು. ಇಳಿದದ್ದು ತಿಮ್ಮಮ್ಮನ ಕಣ್ಣಿಗೆ ಬಿತ್ತೇನೋ ಎಂದು ಹೆದರಿದ. ಅವಳು ಕಾಯಿ ಬಿಡಿಸುತ್ತಲೇ ಕೇಳಿದಳು, “ಹೊಳೆ ದಾಟಿದಾನಾ, ಇಲ್ವಾ? ಅದೊಂದು ಹೇಳು.”

“ಇಲ್ಲಮ್ಮ. ಈಚೆ ದಡದಾಗೇ ಅದಾನೆ.”

“ನಾ ಹೇಳ್ಲಿಲ್ವಾ,” ಅಂದಳು ಸೊಸೆಯ ಕಡೆ ನೋಡಿ. ಸ್ವರದಲ್ಲಿ ದುಃಖಕ್ಕಿಂತ ಗೆದ್ದ ಸಮಾಧಾನವೇ ಹೆಚ್ಚಿತ್ತು. “ಇನ್ನ ಎಷ್ಟು ಬೇಕಂತೆ ದಾಟಕ್ಕೆ?”

ಎಷ್ಟು ಬೇಕು ಎಂಬುದು ಚನ್ನೇಶನಿಗೆ ನೋಡದೆಯೇ ಗೊತ್ತಿತ್ತು. ಮುನ್ನೂರ ನಲವತ್ತೆರಡು ದಿನ ಅವನು ಮೆಲುಕು ಹಾಕಿದ್ದು ಅದೊಂದನ್ನೇ. ಶುಕ್ರವಾರ ಐದೂವರೆ, ಶನಿವಾರ ಐದೂವರೆ, ಭಾನುವಾರ ಬೆಳಿಗ್ಗೆ ಎರಡು ತಾಸು. ಬಿದ್ದ ಗಳಿಗೆಗೆ ಉಳಿದದ್ದು ತೊಂಬತ್ತು ಸಾವಿರ. ಮೂರು ತಾಸಿನ ಕೆಲಸ. ಇನ್ನು ಮೂರೇ ತಾಸು ಉಸಿರಿದ್ದಿದ್ದರೆ ಅವನು ಅರವತ್ತಾಗಿ, ಹೊಳೆ ದಾಟಿ, ಸೋಮವಾರ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದ. ಆ ಮೂರು ತಾಸನ್ನು ಚನ್ನೇಶ ದೇವರ ತಪ್ಪಿನ ಖಾನೆಗೆ ಹಾಕಿದ್ದ. ತನ್ನ ಅಂದಾಜು ಸರಿಯಿತ್ತು, ಆಯುಷ್ಯವೇ ಕೈಕೊಟ್ಟಿತು ಎಂಬ ಆಸರೆಯ ಮೇಲೆ ಇಷ್ಟು ದಿನ ನಿದ್ದೆ ಮಾಡಿದ್ದ. ಆಟ ತೆರೆದ. ಅಂಕ ತುಂಬುವ ಪಟ್ಟಿಯ ಕೆಳಗೆ ಅಂಕಿ ಇತ್ತು: ಉಳಿದದ್ದು 1,95,000. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಒಂದು ಲಕ್ಷದ ತೊಂಬತ್ತೈದು ಸಾವಿರ. ಆಡಲಿಲ್ಲವೇ ಹಾಗಾದರೆ ಅವನು? ಕಾಳಗಗಳ ಪಟ್ಟಿ ತೆಗೆದ. ಆಡಿದ್ದ. ಹೇಳಿದ ಹಾಗೆ, ದಿನಕ್ಕೆ ಐದೂವರೆ ತಾಸು, ಒಂದು ಕಾಳಗ ಕಡಿಮೆಯಿಲ್ಲ. ಶುಕ್ರವಾರ ಮೊದಲ ಮೂವತ್ತು ಕಾಳಗಕ್ಕೆ ಎರಡೆರಡು ಸಾವಿರ, ಮೂವತ್ತೊಂದನೆಯದರಿಂದ ಒಂದೊಂದೇ. ಶನಿವಾರವೂ ಮೂವತ್ತು, ಆಮೇಲೆ ಒಂದೊಂದೇ. ಡಬಲ್ ಎಂಬುದು ದಿನದ ಮೊದಲ ಮೂವತ್ತಕ್ಕಷ್ಟೇ. ತಾನು ಅರ್ಧ ತಾಸು ಆಡಿ ನೋಡಿದ್ದು ಏಳೋ ಎಂಟೋ ಕಾಳಗ. ಚೀಲದ ಮೇಲಿನ ಹಿಡಿ. ಹೊಟ್ಟೆಗೆ ಕೈ ಹಾಕಿರಲಿಲ್ಲ, ತಳಕ್ಕೆ ಕೈ ಹಾಕಿರಲಿಲ್ಲ. ಸುರೇಂದ್ರ ಭಾನುವಾರ ಸಂಜೆಯ ತನಕ ಬದುಕಿದ್ದರೂ ಅರವತ್ತು ಆಗುತ್ತಿರಲಿಲ್ಲ. ಬರಲಾರದ ಒಂದು ಸಂಜೆಗಾಗಿ ಅವನು ಎದೆ ಹಿಡಿದುಕೊಂಡು ಕಾದಿದ್ದ.

“ಏನಾಯ್ತು, ಜಾಸ್ತಿ ಇದ್ಯಾ?” ಅಂದಳು ರಮ್ಯ.

“ಹದಿಮೂರು ತಾಸು,” ಅಂದ. “ನಾನು ಮೂರು ಅಂದ್ಕಂಡಿದ್ದೆ.”

ರಮ್ಯ ಸಣ್ಣಗೆ ನಕ್ಕಳು. ಅವನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. “ಶುಕ್ರವಾರ ಸಂಜೇನೇ ಅಂದಿದ್ರು, ಚನ್ನೇಶಂದು ಲೆಕ್ಕ ತಪ್ಪಿದೆ ಕಣೇ, ಮೂವತ್ತಾದ್ಮೇಲೆ ಡಬಲ್ ಬರಲ್ಲ ಅಂತ. ಹಂಗಾದ್ರೆ ಫೋನ್ ಮಾಡಿ ಹೇಳಿ ಅಂದೆ. ಬೇಡ, ಅಂವ ಮುಖ ಸಣ್ಣ ಮಾಡ್ಕಳ್ತಾನೆ, ಆಚೆ ದಡದಲ್ಲಿ ಕಾಯ್ತಾ ನಿಂತಿದಾನೆ ಪಾಪ ಅಂದ್ರು.” ನಗು ಅಲ್ಲೇ ನಿಂತಿತು. ಸೆರಗಿನಲ್ಲಿ ಮೂಗು ಒತ್ತಿಕೊಂಡಳು. “ಇಂಥಾದ್ದೆಲ್ಲ ಹೇಳ್ತಿದ್ರು ನೋಡಿ. ಎದೆ ನೋವು ಒಂದನ್ನ ಹೇಳ್ಲಿಲ್ಲ, ಯಾರಿಗೂ.” ಒಲೆಯ ಮೇಲೆ ಏನೋ ಉಕ್ಕಿದ ಸದ್ದಿಗೆ ಅವಳು ಒಳಗೆ ಹೋದಳು.

ತಿಮ್ಮಮ್ಮನಿಗೆ ಓದು ಬರುತ್ತಿರಲಿಲ್ಲ. ಚನ್ನೇಶ ಫೋನನ್ನು ಸ್ವಲ್ಪವೇ ತಿರುಗಿಸಿ ಹಿಡಿದು ಮಾತುಗಳ ಪೆಟ್ಟಿಗೆ ತೆರೆದ. ಗುರುವಾರ ಅಲ್ಲೇ ಇತ್ತು. ತನ್ನ ಸಾಲಿನ ಮೇಲೆ ಹೆಬ್ಬೆರಳು ಒತ್ತಿದ. ಅಳಿಸಲೇ ಎಂದು ಕೇಳಿತು. ಒಳಗೆ ರಮ್ಯ ಸೌಟು ತೊಳೆಯುತ್ತಿದ್ದಳು, ಕೆರೆಯಲ್ಲಿ ಹಕ್ಕಿಗಳು ಕೂಗುತ್ತಿದ್ದವು, ತಿಮ್ಮಮ್ಮನ ಬೆರಳಲ್ಲಿ ಅವರೆಕಾಯಿ ಟಪ್ ಎಂದು ಬಿರಿಯುತ್ತಿತ್ತು. ಹೌದು ಅಂದ. ಸಾಲು ಹೋಯಿತು. ಎಷ್ಟು ಸಲೀಸು! ಮುನ್ನೂರು ಚಿಲ್ಲರೆ ದಿನದ ಭಾರ ಒಂದು ಸದ್ದೂ ಮಾಡದೆ ಹೋಯಿತು. ಆಮೇಲೆ ಉಳಿದದ್ದನ್ನು ನೋಡಿದ. ಎರಡು ದಿನದಿಂದ ಎದೆ ಹಿಂಡಿದಂಗಾಗ್ತದೆ ಮಾರಾಯ, ಎಡಗೈ ಜೋಮು, ಯಾರಿಗೂ ಹೇಳಿಲ್ಲ, ನಾಳೆ ಸೊರಬಕ್ಕೆ ಹೋಗಿ ತೋರಿಸ್ಕಂಡು ಬರ್ತೀನಿ. ಅದರ ಕೆಳಗೆ ಏನೂ ಇರಲಿಲ್ಲ. ಅದರ ಕೆಳಗೆ, ಬಿಳೀ ಜಾಗ ದಾಟಿ: ಆಯ್ತು ಮಾರಾಯ. ತಾನೇ ಕರೆದು, ಯಾರೂ ಓಗೊಡದೆ, ತಾನೇ ಆಯ್ತು ಅಂದುಕೊಂಡ ಹಾಗೆ. ಕತ್ತಲ ಬಾವಿಯಲ್ಲಿ ಬಿದ್ದವನು ಒಂದು ಸಲ ಕೂಗಿ ಸುಮ್ಮನಾದ ಹಾಗೆ. ಇದನ್ನೂ ಅಳಿಸಿದರೆ ಮುಗಿಯಿತಲ್ಲ ಎಂದು ಬೆರಳು ಕೆಳಗಿಳಿಯಿತು, ಆದರೆ ಆ ಅಕ್ಷರಗಳ ಮೇಲೆ ಕೂರಲಿಲ್ಲ. ಉರಿಯುವ ಚಿತೆಗೆ ಕೈ ಚಾಚಿದಂತೆ ಹಿಂದಕ್ಕೆ ಬಂತು. ಸುರೇಂದ್ರ ಭೂಮಿಯ ಮೇಲೆ ತನ್ನ ನೋವನ್ನು ಹೇಳಿಕೊಂಡದ್ದು ಇಷ್ಟೇ ಜಾಗದಲ್ಲಿ. ಅದಕ್ಕೆ ಈಗ ಉತ್ತರವೇ ಇಲ್ಲ. ಕೆಟ್ಟ ಉತ್ತರವಾದರೂ ಒಂದಿತ್ತು, ಕೇಳಿಸಿಕೊಂಡವನೊಬ್ಬ ಇದ್ದ ಎಂಬ ಗುರುತಿತ್ತು. ಶಿವನೇ, ಅದನ್ನೂ ತೆಗೆದೆನಲ್ಲ.

ಫೋನನ್ನು ಟವೆಲ್ಲಿನ ಮೇಲೆ ಇಟ್ಟ. ಜೇಬಿನಿಂದ ತನ್ನದನ್ನು ತೆಗೆದ. ಹಸಿರು ಚುಕ್ಕೆ. ಆ ಸಾಲುಗಳು ಅವನಿಗೆ ಬಾಯಿಪಾಠ ಬರುತ್ತಿದ್ದವು, ಜಪಕ್ಕಿಂತ ಚೆನ್ನಾಗಿ. ಅದು ಗ್ಯಾಸು ಎಂದು ಬರೆದ. ಡಬಲ್ ಪಾಯಿಂಟ್ ಐತಿ ಎಂದು ಬರೆದ. ಒಂದು ಅಕ್ಷರವನ್ನೂ ಒಳ್ಳೆಯದು ಮಾಡಲಿಲ್ಲ. ಲೆಕ್ಕ ಹಾಕೀನಿ. ಭಾನುವಾರ ಸಂಜೆಗೆ ಅರವತ್ತು. ಕಳಿಸಿದ.

ಸುರೇಂದ್ರನ ಫೋನು ಟಣ್ ಅಂದಿತು. ವರ್ಷದಿಂದ ಕೇಳದ ಸದ್ದು. ತಿಮ್ಮಮ್ಮನ ಕೈ ಮೊರದಲ್ಲೇ ನಿಂತಿತು, ಒಳಗಿನ ಸೌಟಿನ ಸದ್ದು ನಿಂತಿತು. ರಮ್ಯ ಒದ್ದೆ ಕೈಯಲ್ಲೇ ಓಡಿ ಬಂದಳು, ಅವನ ಕೈಯಲ್ಲಿನ ಫೋನು ನೋಡಿದಳು, ನೆಲದ ಮೇಲಿನದನ್ನು ಎತ್ತಿಕೊಂಡಳು. ನಿಂತೇ ಓದಿದಳು. ತುಟಿ ಅಲ್ಲಾಡುತ್ತಿತ್ತು. ಇಂದಿನ ಸಾಲಿನಿಂದ ಮೇಲಕ್ಕೆ ಹೋಗಿ, ಗುರುವಾರದಲ್ಲಿ ನಿಂತು, ಮತ್ತೆ ಕೆಳಕ್ಕೆ ಬಂದಳು.

“ಎಂತ ಬಂತೇ? ಗಟ್ಟಿ ಓದು,” ಅಂದಳು ತಿಮ್ಮಮ್ಮ.

ರಮ್ಯ ಗಟ್ಟಿಯಾಗಿ ಓದಿದಳು. ಮೊದಲು ಗಂಡನದು, ಆಮೇಲೆ ಇವನದು, ಕೊನೆಗೆ ಆಯ್ತು ಮಾರಾಯ. ಶಾಲೆಯಲ್ಲಿ ಓದುವವಳಂತೆ ಬಿಡಿಬಿಡಿಯಾಗಿ ಓದಿದಳು. ಓದಿ ಮುಗಿಸಿದ ಮೇಲೂ ಅದನ್ನೇ ನೋಡುತ್ತಿದ್ದಳು.

“ಅವತ್ತೇ ಬರ್ದಿದ್ದಮ್ಮ ಇದು,” ಅಂದ ಚನ್ನೇಶ. “ಈಗ ಅಳಿಸಿದ್ದೆ. ತಿರುಗಿ ಬರ್ದೆ.”

“ನಿಮಗೆ ಹೇಳಿದ್ರು ಹಂಗಾದ್ರೆ,” ಅಂದಳು ರಮ್ಯ. ಅವಳ ಮುಖದಲ್ಲಿ ಬಂದದ್ದು ಸಿಟ್ಟು ಎಂದು ಅವನು ತಲೆ ತಗ್ಗಿಸಿದ. ತಗ್ಗಿಸುವ ಮುಂಚೆ ಕಂಡದ್ದು ಸಿಟ್ಟಾಗಿರಲಿಲ್ಲ. ಹಸಿದವರ ಮುಂದೆ ತಟ್ಟೆ ಬಂದಾಗ ಮುಖ ಒಂದು ಕ್ಷಣ ಬಿಚ್ಚುತ್ತದಲ್ಲ, ಆ ಬಗೆಯದು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. “ಒಬ್ರಿಗೆ ಹೇಳಿದ್ರು,” ಎಂದು ಇನ್ನೊಮ್ಮೆ ತನಗೇ ಹೇಳಿಕೊಂಡಳು. ಆಮೇಲೆ ಆ ಬೆಳಕು ಹೋಯಿತು. ಒದ್ದೆ ಕೈಯನ್ನು ಸೀರೆಗೆ ಒರೆಸಿ, ಫೋನನ್ನು ಅವನ ಮಡಿಲಲ್ಲಿ ಇಟ್ಟು, ಅವನ ಕಡೆ ನೋಡದೆ ಒಳಗೆ ಹೋದಳು. ಸೌಟಿನ ಸದ್ದು ಮತ್ತೆ ಕೇಳಲಿಲ್ಲ.

ತಿಮ್ಮಮ್ಮ ಬಿಡಿಸಿದ ಕಾಳನ್ನೆಲ್ಲ ಒಂದು ಕಡೆ ಗೋರಿ, ಸಿಪ್ಪೆಯನ್ನು ಒಂದು ಕಡೆ ಮಾಡಿ, ಸೆರಗಿನ ತುದಿಯಿಂದ ಜಗಲಿಯ ಅಷ್ಟು ಜಾಗವನ್ನು ಒರೆಸಿದಳು. ಅವನು ಎದ್ದು ಹೋಗಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಕೂತಿದ್ದ. ಎರಡಕ್ಕೂ ಅಪ್ಪಣೆ ಬೇಕಿತ್ತು.

“ಊಟ ಮಾಡಿ ಶುರು ಮಾಡ್ತೀಯೋ,” ಅಂದಳು ಕೊನೆಗೆ, “ಶುರು ಮಾಡಿ ಊಟ ಮಾಡ್ತೀಯೋ?”

ಚನ್ನೇಶ ಮಡಿಲಿನ ಫೋನು ಎತ್ತಿಕೊಂಡ. ಅವಳು ಒರೆಸಿದ ಜಾಗಕ್ಕೆ ಸರಿದು ಕೂತ. ಪರದೆಯ ಮೇಲೆ ಸುರೇಂದ್ರನ ಯೋಧ ಹೊಳೆಗೆ ಬೆನ್ನು ಹಾಕಿ, ಕಾಡಿನ ಕಡೆ ಮುಖ ಮಾಡಿ ನಿಂತಿದ್ದ, ಯಾರೋ ಬರುತ್ತಾರೆಂದು ಹೇಳಿಟ್ಟ ಹಾಗೆ. ಕಾಡಿನಿಂದ ಒಂದು ಹಂದಿ ಬಂತು. ಬಳಸಿಕೊಂಡು ಹಿಂದಿನಿಂದ ಹೋಗಿ ಹೊಡೆದ. ಹಂದಿ ಬಿತ್ತು. ಒಂದು ಸಾವಿರ ಸೇರಿತು. ಅಂಕದ ಪಟ್ಟಿ ಕದಲಿದಂತೆ ಕಾಣಲಿಲ್ಲ.